ಎತ್ತರದ ಕಟ್ಟಡವೂ ಎದುರುಮನೆಯ ಬಿಸಿಲೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಂತಹ ಊರುಗಳ ಪೇಟೆಬೀದಿಯಲ್ಲಿ ಹಳೆಯ ಅಂಗಡಿಯನ್ನು ಕೆಡವಿ ನಾಲ್ಕಂತಸ್ತು ಎಬ್ಬಿಸಬಹುದೆ ಎಂಬ ಚರ್ಚೆ ಎದ್ದಾಗ ಬಾಡಿಗೆಯ ಲೆಕ್ಕ ಹಾಕುವವರು ಅನೇಕರು, ನೆರಳಿನ ಲೆಕ್ಕ ಹಾಕುವವರು ವಿರಳ. ಅದಕ್ಕೆ ಪ್ರೌಢಶಾಲೆಯ ತ್ರಿಕೋಣಮಿತಿಯೇ ಸಾಕು.

ಮಧುಗಿರಿಯ ಅಕ್ಷಾಂಶವು ಸುಮಾರು 13.7 ಡಿಗ್ರಿ ಉತ್ತರ. ಡಿಸೆಂಬರ್ 22ರ ಸುಮಾರಿಗೆ ಸೂರ್ಯನು ವಿಷುವದ್ವೃತ್ತದಿಂದ 23.4 ಡಿಗ್ರಿ ದಕ್ಷಿಣಕ್ಕಿರುವುದರಿಂದ ನಡುಹಗಲಿನಲ್ಲಿ ಅವನ ಉನ್ನತಿಯು 90ರಿಂದ ಇವೆರಡನ್ನೂ ಕಳೆದಷ್ಟು, ಎಂದರೆ ಸುಮಾರು 53 ಡಿಗ್ರಿ. ಈ ಕೋನದ ಟ್ಯಾಂಜೆಂಟ್ 1.33. ಆದುದರಿಂದ 12 ಮೀಟರ್ ಎತ್ತರದ ಕಟ್ಟಡದ ನೆರಳು ಉತ್ತರಕ್ಕೆ 9 ಮೀಟರ್ ಚಾಚುತ್ತದೆ. ಬೀದಿಯು ಪೂರ್ವ-ಪಶ್ಚಿಮವಾಗಿದ್ದು, ಅದರ ಅಗಲ 6 ಮೀಟರ್ ಮಾತ್ರವಾದರೆ, ನೆರಳು ಅದನ್ನು ದಾಟಿ ಎದುರುಗೋಡೆಯನ್ನು 4 ಮೀಟರಿನಷ್ಟು ಏರುತ್ತದೆ. ಒಂದಂತಸ್ತಿನ ಮನೆಯಾದರೆ ಬಾಗಿಲು ಕಿಟಕಿಗಳೆಲ್ಲವೂ ಮುಳುಗಿದಂತೆಯೇ! ಬೆಳಿಗ್ಗೆ 9 ಗಂಟೆಗೆ ನೆರಳು ಮಾಳಿಗೆಯನ್ನೂ ಆಕ್ರಮಿಸುತ್ತದೆ. ಅಲ್ಲಿ ಸೌರಫಲಕವಿದ್ದರೆ, ಅದರ ಕೋಶಗಳು ಒಂದರ ಹಿಂದೊಂದು ಸರಣಿಯಲ್ಲಿ ಜೋಡಣೆಯಾಗಿರುವುದರಿಂದ, ಕೆಲವೇ ಕೋಶಗಳಿಗೆ ನೆರಳು ತಾಗಿದರೂ ವಿದ್ಯುತ್ತು ಬಹಳವಾಗಿ ಕುಗ್ಗುತ್ತದೆ. 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿರುವ ಪಾವಗಡದ ಸೀಮೆಯವರಿಗೆ ಬಿಸಿಲಿನ ಬೆಲೆಯನ್ನು ನಾವು ಹೇಳಬೇಕಾಗಿಲ್ಲ.

ಬೇಸಗೆಯಲ್ಲಿ ಈ ನೆರಳು ಬೀದಿಗೆ ತಂಪಲ್ಲವೆ ಎಂದು ವಾಚಕರು ಕೇಳಬಹುದು. ಏಪ್ರಿಲ್ ಕೊನೆಯ ವಾರದಲ್ಲಿ ನಡುಹಗಲ ಸೂರ್ಯನು ನಮ್ಮ ನೆತ್ತಿಯ ಮೇಲೆಯೇ ಇರುವುದರಿಂದ ನೆರಳು ಗೋಡೆಯ ಬುಡವನ್ನು ಬಿಟ್ಟು ಕದಲದು. ಬೇಡವಾದಾಗ ಬರುವ ನೆಂಟನು ಬೇಕಾದಾಗ ಬಾರನು.

ಅದೇ ಬೀದಿಯಲ್ಲಿ 8 ಮೀಟರ್ ಎತ್ತರದ ಕಟ್ಟಡದ ನೆರಳು ಎದುರುಗೋಡೆಯ ಬುಡದಲ್ಲಿಯೇ ನಿಲ್ಲುತ್ತದೆ. 12 ಮೀಟರೇ ಬೇಕೆನ್ನುವವರು 8 ಮೀಟರಿನ ಮೇಲಣ ಭಾಗವನ್ನು ಬೀದಿಯಿಂದ 3 ಮೀಟರ್ ಹಿಂದಕ್ಕೆ ಸರಿಸಿ ಕಟ್ಟಿದರೂ ಫಲ ಅದೇ.