ಕಡೆಗೋಲು ಯಾವುದಕ್ಕೆ? – ಮೆದುಳು ಕಲಿಯುವ ಬಗೆ



ಈ ಪದಗಳನ್ನು ಬಿಡಿಸಿ ನೋಡಿ: ಕಡೆ + ಕೋಲು = ಕಡೆಗೋಲು. ಊರು + ಕೋಲು = ಊರುಗೋಲು. ಅಳತೆ + ಕೋಲು = ಅಳತೆಗೋಲು. ಕಕಾರಕ್ಕೆ ಗಕಾರ ಬಂದಿರುವುದರಿಂದ ಇದು ಆದೇಶ ಸಂಧಿ. ವ್ಯಾಕರಣ ಅಲ್ಲಿಗೆ ಮುಗಿಯಿತು. ಆದರೆ ಇನ್ನೊಂದು ವಿಷಯ ಗಮನಿಸಿ. ಮೂರೂ ಕೋಲುಗಳೇ. ಒಂದು ಮೊಸರು ಕಡೆಯಲು, ಒಂದು ನೆಲಕ್ಕೆ ಊರಿ ನಡೆಯಲು, ಮತ್ತೊಂದು ಅಳೆಯಲು. ಉಪಕರಣವನ್ನು ಗುರುತಿಸುವುದು ಆಕಾರದಿಂದ ಮಾತ್ರವಲ್ಲ, ಅದರ ಕೆಲಸದಿಂದ. ಈ ಕೆಲಸವನ್ನು ನಮ್ಮ ಮೆದುಳು ಹೇಗೆ ಕಲಿಯುತ್ತದೆ?

2005ರಲ್ಲಿ ಕ್ರಿಸ್ಟಾ ಕ್ಯಾಸ್ಲರ್ ಮತ್ತು ಡೆಬೊರಾ ಕೆಲೆಮೆನ್ ಎಂಬ ಸಂಶೋಧಕಿಯರು ಪುಟ್ಟ ಮಕ್ಕಳಿಗೆ ಹೊಸ ಉಪಕರಣದ ಬಳಕೆಯನ್ನು ಒಂದೇ ಒಂದು ಸಲ ತೋರಿಸಿದರು. ಎರಡು ವರ್ಷದ ಮಕ್ಕಳೂ "ಇದು ಇದಕ್ಕೇ ಇರುವುದು" ಎಂದು ತಿಳಿದುಕೊಂಡರು. ಅದರಿಂದ ಬೇರೆ ಕೆಲಸ ಸಾಧ್ಯವಿದ್ದರೂ ಮಾಡಲು ಹಿಂಜರಿದರು. ಅಂದರೆ ಮಗು ವಸ್ತುವನ್ನಷ್ಟೇ ನೋಡುವುದಿಲ್ಲ; ಅದನ್ನು ಹಿಡಿದ ಹಿರಿಯರ ಕೈಯನ್ನೂ ನೋಡುತ್ತದೆ.

ಮೆದುಳಿನಲ್ಲಿ ಹೆಸರಿನ ಅರಿವು ಮತ್ತು ಕೈಯ ಅರಿವು ಒಂದೇ ಅಲ್ಲ. ಮೆದುಳಿನ ಎಡಭಾಗಕ್ಕೆ ಪೆಟ್ಟಾದ ಕೆಲವರು ಬಾಚಣಿಗೆಯನ್ನು ನೋಡಿ ಹೆಸರು ಹೇಳಬಲ್ಲರು, ಆದರೆ ತಲೆ ಬಾಚಿಕೊಳ್ಳುವುದು ಹೇಗೆಂದು ತೋರಿಸಲಾರರು. ವೈದ್ಯರು ಇದನ್ನು ಅಪ್ರಾಕ್ಸಿಯಾ ಎನ್ನುತ್ತಾರೆ. ಹೆಸರು ಬಾಯಿಪಾಠವಾದರೆ ಕಲಿಕೆ ಪೂರ್ಣವಾಗಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಬೇಗ ಕಲಿಯುವ ಈ ಗುಣಕ್ಕೆ ಒಂದು ಮಿತಿಯೂ ಉಂಟು. ಜರ್ಮನಿಯ ಮನಶ್ಶಾಸ್ತ್ರಜ್ಞ ಕಾರ್ಲ್ ಡಂಕರ್ ಮೇಣದಬತ್ತಿ, ಬೆಂಕಿಕಡ್ಡಿ ಮತ್ತು ಮೊಳೆ ತುಂಬಿದ ಪೆಟ್ಟಿಗೆಯನ್ನು ಕೊಟ್ಟು, ಬತ್ತಿಯನ್ನು ಗೋಡೆಗೆ ನಿಲ್ಲಿಸಿ ಎಂದ. ಪೆಟ್ಟಿಗೆಯನ್ನು ಖಾಲಿ ಮಾಡಿ ಗೋಡೆಗೆ ಹೊಡೆದರೆ ಅದೇ ಪೀಠ! ಆದರೆ ಪೆಟ್ಟಿಗೆ ಮೊಳೆ ಇಡುವುದಕ್ಕೆ ಎಂಬ ಭಾವನೆಯಿಂದ ಅನೇಕರಿಗೆ ಅದು ಹೊಳೆಯಲಿಲ್ಲ. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಂಥದೇ ಪೆಟ್ಟಿಗೆ ಸಮಸ್ಯೆಯನ್ನು ಆರು-ಏಳು ವರ್ಷದವರಿಗಿಂತ ಐದು ವರ್ಷದವರೇ ಬೇಗ ಬಿಡಿಸಿದರು.

ಪೋಷಕರಲ್ಲಿ ಒಂದು ಮಾತು. ಪರದೇಶದಲ್ಲಿ ಬೆಳೆಯುವ ನಮ್ಮ ಮಕ್ಕಳು ಚಿತ್ರ ನೋಡಿ 'ಮೊರ', 'ಒರಳು' ಎಂದು ತಪ್ಪಿಲ್ಲದೆ ಬರೆಯುತ್ತಾರೆ, ಅಂಕವೂ ಸಿಗುತ್ತದೆ. ಆದರೆ ಮೊರದಲ್ಲಿ ಕೇರುವುದು ಹೇಗೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ರಾಗಿ ಬೀಸುವುದು, ಹಿಟ್ಟು ರುಬ್ಬುವುದು, ಮೆಣಸು ಕುಟ್ಟುವುದು, ಮೊಸರು ಕಡೆಯುವುದು – ಇವೆಲ್ಲ ಈಗ "ಮಿಕ್ಸಿಗೆ ಹಾಕು" ಎಂಬ ಒಂದೇ ಮಾತಿನಲ್ಲಿ ಅಡಗಿಹೋಗಿವೆ. ಉಪಕರಣ ಕೈ ತಪ್ಪಿದರೆ ಅದರ ಕ್ರಿಯಾಪದವೂ ನಾಲಿಗೆಯಿಂದ ಜಾರುತ್ತದೆ. ಮಿಕ್ಸಿ ಬೇಡ ಎಂದಲ್ಲ. ರಜೆಗೆ ಊರಿಗೆ ಹೋದಾಗ ಅಜ್ಜಿಯ ಪಕ್ಕದಲ್ಲಿ ಮಗುವನ್ನು ಕೂರಿಸಿ, ಕಡೆಗೋಲನ್ನು ಅದರ ಕೈಗೆ ಕೊಡಿ. ಸ್ವಲ್ಪ ಮಜ್ಜಿಗೆ ಚೆಲ್ಲಿದರೆ ಚೆಲ್ಲಲಿ.

ಮಕ್ಕಳೇ, ಮನೆಯಲ್ಲಿ ಮಾಡಿ ನೋಡಿ:

1. ಅಡುಗೆಮನೆಯ ಐದು ಉಪಕರಣಗಳ ಹೆಸರು ಬರೆದು, ಪ್ರತಿಯೊಂದರ ಮುಂದೆ ಅದರ ಕ್ರಿಯಾಪದ ಬರೆಯಿರಿ. ಉದಾ: ಲಟ್ಟಣಿಗೆ – ಲಟ್ಟಿಸು.

2. ಅಜ್ಜ ಅಥವಾ ಅಜ್ಜಿಗೆ ಫೋನ್ ಮಾಡಿ, ನೀವು ನೋಡಿರದ ಒಂದು ಉಪಕರಣದ ಹೆಸರು ಮತ್ತು ಕೆಲಸ ಕೇಳಿ ತಿಳಿಯಿರಿ.

3. ಒಂದು ಸ್ಟೀಲ್ ಲೋಟದಿಂದ ನೀರು ಕುಡಿಯುವುದಲ್ಲದೆ ಇನ್ನೆಷ್ಟು ಕೆಲಸ ಮಾಡಬಹುದು? ತಮ್ಮ ಅಥವಾ ತಂಗಿಯನ್ನೂ ಕೇಳಿ. ಅವರ ಪಟ್ಟಿ ನಿಮ್ಮದಕ್ಕಿಂತ ಉದ್ದವಾಗಿರಬಹುದು!