ಗ್ರೀಕರ ಅಶ್ವಪದಗಳು: ಹಿಪ್ಪೋಸ್‌ನಿಂದ ಹಿಪ್ಪಾರ್ಕ್‌ವರೆಗೆ
ಪ್ರಾಚೀನ ಗ್ರೀಕ್‌ನಲ್ಲಿ ಕುದುರೆಗೆ 'ಹಿಪ್ಪೋಸ್', ಸವಾರರಿಗೆ 'ಹಿಪ್ಪೇಯಿಸ್' ಎನ್ನುತ್ತಿದ್ದರು. ಎರಡನೆಯದು ಸೇನೆಯ ಪದವಷ್ಟೇ ಅಲ್ಲ, ಅಂತಸ್ತಿನ ಪದವೂ ಹೌದು. ಕ್ರಿ.ಪೂ. 594ರ ಸುಮಾರಿಗೆ ಸೋಲೋನ್ ಅಥೆನ್ಸಿನ ನಾಗರಿಕರನ್ನು ಜಮೀನಿನ ಹುಟ್ಟುವಳಿಯ ಮೇಲೆ ನಾಲ್ಕು ವರ್ಗಗಳಾಗಿ ವಿಂಗಡಿಸಿದ. ಹಿಪ್ಪೇಯಿಸ್ ಅದರಲ್ಲಿ ಎರಡನೆಯ ವರ್ಗ. ವರ್ಷಕ್ಕೆ ಕನಿಷ್ಠ 300 ಮೆಡಿಮ್ನೋಸ್ (ಧಾನ್ಯದ ಅಳತೆ) ಉತ್ಪನ್ನವಿರಬೇಕಿತ್ತು. ಕುದುರೆ ಸಾಕುವುದು ಉಳ್ಳವರಿಗಷ್ಟೇ ಸಾಧ್ಯವಿದ್ದ ಕಾಲವದು.

ಈ ಪದದ ವಿಷಯದಲ್ಲಿ ಎಡವುವ ಜಾಗ ಸ್ಪಾರ್ಟಾ. ಅಲ್ಲಿ ಹಿಪ್ಪೇಯಿಸ್ ಹೆಸರಿನ 300 ಆಯ್ದ ಯೋಧರು ರಾಜನ ಕಾವಲಿಗಿದ್ದರು, ಆದರೆ ಹೆಸರು ಸವಾರರದಾದರೂ ಕಾಲಾಳುಗಳಾಗಿಯೇ ಹೋರಾಡುತ್ತಿದ್ದರು. ಇದನ್ನು ಚೆನ್ನಾಗಿ ನೆನಪಿಡಿ.

ಅಥೆನ್ಸಿನ ಅಶ್ವದಳಕ್ಕೆ ಇಬ್ಬರು 'ಹಿಪ್ಪಾರ್ಕ್' ದಳಪತಿಗಳು, ಅವರ ಕೈಕೆಳಗೆ 10 'ಫೈಲಾರ್ಕ್'ಗಳು ಇದ್ದರು. ಹಿಪ್ಪಾರ್ಕ್‌ನ ಕರ್ತವ್ಯದ ಬಗ್ಗೆ ಒಂದು, ಕುದುರೆ ಸವಾರಿಯ ಬಗ್ಗೆ ಇನ್ನೊಂದು ಕೃತಿ ಬರೆದವನು ಕ್ಸೆನೋಫೋನ್. ಮ್ಯಾಸಿಡೋನಿಯದ ಗಣ್ಯ ಅಶ್ವಪಡೆ 'ಹೆಟೈರೋಯಿ'. ಅಲೆಕ್ಸಾಂಡರನ ತಂದೆ ಫಿಲಿಪ್‌ನ ಹೆಸರಿಗೆ ಅಶ್ವಪ್ರಿಯ ಎಂದರ್ಥ.