ಹೀಟರ್ ಹಾಕಿದರೆ ಗೃಹಜ್ಯೋತಿ ಆರುತ್ತದೆಯೇ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಚಳಿಯವು. ಬಯಲುಸೀಮೆಯ ನಮಗೆ ಚಳಿ ಎಂದರೆ ಎರಡು ತಿಂಗಳು ಇದ್ದು ಹೋಗುವ ನೆಂಟ. ಅದಕ್ಕೇ ಮನೆ ಕಟ್ಟುವಾಗ ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಪ್ರಶ್ನೆ: ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಮಗುವಿಗೆ ಇಪ್ಪತ್ತೆರಡು ದಿನ. ಅಳಿಯಂದಿರು 2000 ವ್ಯಾಟ್‌ನ ರೂಮ್ ಹೀಟರ್ ತಂದುಕೊಟ್ಟಿದ್ದಾರೆ. ಗೃಹಜ್ಯೋತಿಯಿಂದ ನಮಗೆ ಕರೆಂಟ್ ಬಿಲ್ ಸೊನ್ನೆ ಬರುತ್ತಿತ್ತು. ಹೀಟರ್ ಹಾಕಿದರೆ ಯೋಜನೆಯೇ ರದ್ದಾಗುತ್ತದೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಹಾಕದಿದ್ದರೆ ಮಗುವಿಗೆ ಶೀತವಾಗುವ ಭಯ. (ಗೃಹಿಣಿ, ಹೊಸದುರ್ಗ)

ಉತ್ತರ: ಒಂದು ಕಡೆ ಕೂಸು, ಇನ್ನೊಂದು ಕಡೆ ಬಿಲ್ಲು. ನಿಮ್ಮ ಚಿಂತೆ ಸಹಜವೇ. ಮೊದಲು ಸಮಾಧಾನ ಮಾಡಿಕೊಳ್ಳಿ, ಹೀಟರ್ ಹಾಕಿದ ಮಾತ್ರಕ್ಕೆ ಯೋಜನೆ ರದ್ದಾಗುವುದಿಲ್ಲ. ಹೆಚ್ಚು ಬಳಸಿದ ತಿಂಗಳಿಗೆ ಮಾತ್ರ ಹಣ ಕಟ್ಟಬೇಕಾಗುತ್ತದೆ.

ಎಷ್ಟು ಎಂಬುದು ನಿಮ್ಮ ಕೈಯಲ್ಲೇ ಇದೆ. 2023ರಲ್ಲಿ ಯೋಜನೆ ಬಂದಾಗ ಪ್ರತಿ ಮನೆಯ 2022–23ರ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿ ಉಚಿತ ಯೂನಿಟ್ ನಿಗದಿ ಮಾಡಿದರು. ಅದನ್ನು ದಾಟಿದರೂ 200 ಯೂನಿಟ್ ಒಳಗಿದ್ದರೆ, ದಾಟಿದಷ್ಟಕ್ಕೆ ಮಾತ್ರ ಹಣ. 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಪಕ್ಕದ ಮನೆಯವರು ಹೇಳಿದ್ದು ಈ ಎರಡನೆಯ ಮಾತು ಇರಬೇಕು, ಬಾಯಿಂದ ಬಾಯಿಗೆ ಬರುತ್ತಾ ‘ರದ್ದು’ ಆಗಿದೆ.

ಈಗ ಲೆಕ್ಕ ಹಾಕೋಣ. ಸಾವಿರ ವ್ಯಾಟ್‌ನ ಉಪಕರಣ ಒಂದು ಗಂಟೆ ಉರಿದರೆ ಒಂದು ಯೂನಿಟ್. ನಿಮ್ಮ ಮನೆಯ ಸರಾಸರಿ 80 ಎಂದಿಟ್ಟುಕೊಳ್ಳಿ, ಉಚಿತ 88 ಆಯಿತು. ಮನೆಯ ಮಾಮೂಲಿ ಖರ್ಚು 85. 2000 ವ್ಯಾಟ್ ಹೀಟರನ್ನು ದಿನಕ್ಕೆ ನಾಲ್ಕು ಗಂಟೆ ಉರಿಸಿದರೆ ತಿಂಗಳಿಗೆ 240 ಯೂನಿಟ್, ಒಟ್ಟು 325. ಯೂನಿಟ್‌ಗೆ ಸುಮಾರು ಆರು ರೂಪಾಯಿ ಹಿಡಿದರೂ 1,950 ರೂಪಾಯಿ, ನಿಗದಿತ ಶುಲ್ಕ ಮತ್ತು ತೆರಿಗೆ ಬೇರೆ. ಅದೇ ಹೀಟರಿನ ಗುಂಡಿಯನ್ನು 1000 ವ್ಯಾಟ್‌ಗೆ ಇಳಿಸಿ (ಹೆಚ್ಚಿನವುಗಳಲ್ಲಿ ಎರಡು ಹಂತ ಇರುತ್ತದೆ), ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಹೊತ್ತಿಗೆ ದಿನಕ್ಕೆ ಒಂದು ಗಂಟೆ ಮಾತ್ರ ಹಾಕಿದರೆ ತಿಂಗಳಿಗೆ 30 ಯೂನಿಟ್. ಒಟ್ಟು 115. ನೀವು ಹಣ ಕೊಡುವುದು 27 ಯೂನಿಟ್‌ಗೆ, ಸುಮಾರು 160 ರೂಪಾಯಿ ಮತ್ತು ಅದರ ತೆರಿಗೆ. ವಾರಕ್ಕೊಮ್ಮೆ ಮೀಟರ್ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡಿ.

ಮಿಕ್ಕ ಹೊತ್ತು ಏನು ಮಾಡುವುದು ಎನ್ನುತ್ತೀರಾ? ಕೂಸಿಗೆ ತಾಯಿಯ ಮೈಗಿಂತ ಒಳ್ಳೆಯ ಹೀಟರ್ ಇಲ್ಲ. ಬರಿಮೈ ಮಗುವನ್ನು ತಾಯಿಯ ಎದೆಗೆ ಒರಗಿಸಿ ಮೇಲೆ ಹೊದಿಸುವುದನ್ನು (ವೈದ್ಯರು ‘ಕಾಂಗರೂ ಆರೈಕೆ’ ಎನ್ನುತ್ತಾರೆ) ದೊಡ್ಡಾಸ್ಪತ್ರೆಗಳಲ್ಲೂ ಮಾಡಿಸುತ್ತಾರೆ. ತಲೆಗೆ ಕುಲಾವಿ, ಕಾಲಿಗೆ ಚೀಲ ಇರಲಿ. ಆಗಾಗ ಹೊಟ್ಟೆ ಮತ್ತು ಅಂಗಾಲು ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಇನ್ನೊಂದು ಬಟ್ಟೆ ಸುತ್ತಿ. ಹೊಟ್ಟೆಯೂ ತಣ್ಣಗಾಗಿ ಮಗು ಹಾಲು ಕುಡಿಯದೆ ಮಂಕಾಗಿದ್ದರೆ ತಾಯಿಯ ಎದೆಗೇ ಒರಗಿಸಿಕೊಂಡು ಕೂಡಲೇ ಆಸ್ಪತ್ರೆಗೆ ಹೊರಡಿ. ಬೆವರುತ್ತಿದ್ದರೆ ನೀವು ಅತಿ ಮಾಡಿದ್ದೀರಿ, ಅಜ್ಜಿಯರು ಸಾಮಾನ್ಯವಾಗಿ ಮಾಡುವುದು ಇದನ್ನೇ!

ಹೀಟರ್ ಹಾಸಿಗೆಯಿಂದ, ಒಣಹಾಕಿದ ಬಟ್ಟೆಯಿಂದ ಮೂರಡಿ ದೂರ ಇರಲಿ. ಎಲ್ಲರೂ ಮಲಗುವ ಮುಂಚೆ ಆರಲಿ.

ಪ್ರಶ್ನೆ: ಆಯಿಲ್ ಹೀಟರ್ ಕರೆಂಟ್ ಉಳಿಸುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಬೆಲೆ ಮಾತ್ರ ಜಾಸ್ತಿ. ತೆಗೆದುಕೊಳ್ಳಬಹುದೇ? (ನಿವೃತ್ತ ನೌಕರರು, ಚಿತ್ರದುರ್ಗ)

ಉತ್ತರ: ಬೆಲೆ ಹೆಚ್ಚಾದರೂ ಬಿಲ್ಲಿನಲ್ಲಿ ವಾಪಸ್ ಬರುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ಬರುವುದಿಲ್ಲ. ಕಾಯಿಲ್ ಇರಲಿ, ಬ್ಲೋವರ್ ಇರಲಿ, ಎಣ್ಣೆಯದಿರಲಿ, ಒಂದು ಯೂನಿಟ್ ಕರೆಂಟಿನಿಂದ ಹುಟ್ಟುವ ಶಾಖ ಒಂದೇ. ವ್ಯತ್ಯಾಸ ಇರುವುದು ಶಾಖ ಹೇಗೆ ತಲುಪುತ್ತದೆ ಎಂಬುದರಲ್ಲಿ. ಎಣ್ಣೆಯದು ನಿಧಾನವಾಗಿ ಕಾದು ನಿಧಾನವಾಗಿ ಆರುತ್ತದೆ, ರಾತ್ರಿಯಿಡೀ ಬೇಕಾದವರಿಗೆ ಸರಿ. ಬ್ಲೋವರ್ ಚಿಕ್ಕ ಕೋಣೆಯನ್ನು ಬೇಗ ಬಿಸಿ ಮಾಡುತ್ತದೆ. ಕಾಯಿಲ್ ಹೀಟರ್ ಎದುರಿಗೆ ಕೂತವರನ್ನು ಮಾತ್ರ ಕಾಯಿಸುತ್ತದೆ. ಒಂದು ಯೂನಿಟ್‌ಗೆ ಎರಡು ಮೂರು ಪಟ್ಟು ಶಾಖ ಕೊಡುವುದು ಬಿಸಿಗಾಳಿಯೂ ಬರುವ ಎ.ಸಿ. ಮಾತ್ರ. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವುದನ್ನು ಒಳಕ್ಕೆ ಸಾಗಿಸುತ್ತದೆ.

ಕೊಳ್ಳಲೇಬೇಕಾದರೆ ಥರ್ಮೋಸ್ಟಾಟ್ (ಬಿಸಿ ಸಾಕಾದಾಗ ತಾನೇ ಆರಿಸುವ ವ್ಯವಸ್ಥೆ) ಇರುವುದನ್ನು, ಉರುಳಿ ಬಿದ್ದರೆ ತಾನೇ ಆರುವುದನ್ನು ಆರಿಸಿ.

ಆದರೆ ನಿಮ್ಮ ಪತ್ರದ ಕೊನೆಯ ಸಾಲು ನನ್ನನ್ನು ತಡೆಯಿತು. ಮನೆ ಜೋಗಿಮಟ್ಟಿಯ ಕಡೆ ಮುಖ ಮಾಡಿದೆ, ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದಿದೆ ಎಂದಿದ್ದೀರಿ. ಗುಡ್ಡದ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ ಸ್ವಾಮಿ. ನಮ್ಮ ಜಿಲ್ಲೆಯದು ಗಾಳಿಯ ಚಳಿ. ಡಿಸೆಂಬರ್, ಜನವರಿಯ ರಾತ್ರಿ ಸಾಮಾನ್ಯವಾಗಿ 15–16 ಡಿಗ್ರಿಯ ಆಸುಪಾಸು ಇದ್ದರೂ ಮೂಳೆ ಕೊರೆಯುವುದು ಆ ಸಂದಿಯಿಂದ. ಹಳೆಯ ಕೌದಿಯನ್ನು ಸುರುಳಿ ಸುತ್ತಿ ಬಾಗಿಲ ಬುಡಕ್ಕೆ ಒತ್ತಿ. ಬರಿ ನೆಲದ ಮೇಲೆ ಜಮಖಾನ ಹಾಸಿ. ಚಳ್ಳಕೆರೆಯ ಕುರಿ ಉಣ್ಣೆಯ ಕಂಬಳಿ ಮನೆಯಲ್ಲಿದ್ದರೆ ಅಟ್ಟದಿಂದ ಇಳಿಸಿ, ಚುಚ್ಚುತ್ತದೆ ಎನ್ನುವವರು ಕೆಳಗೊಂದು ಹತ್ತಿ ಬಟ್ಟೆ ಹೊದೆಯಲಿ. ಕಾಲು ತಣ್ಣಗಾಗಿ ನಿದ್ದೆ ಬಾರದಿದ್ದರೆ ಬಿಸಿನೀರಿನ ರಬ್ಬರ್ ಚೀಲ ಸಾಕು. ಒಂದೂವರೆ ಲೀಟರ್ ನೀರು ಕಾಯಿಸಲು ಯೂನಿಟ್‌ನ ಹತ್ತನೇ ಒಂದು ಭಾಗದ ಆಸುಪಾಸು ಖರ್ಚಾಗುತ್ತದೆ, ಅಷ್ಟೆ. ಕುದಿಯುವ ನೀರು ತುಂಬಬೇಡಿ, ಬಟ್ಟೆ ಸುತ್ತಿ ಬಳಸಿ. ಇಷ್ಟು ಮಾಡಿ ಒಂದು ವಾರ ನೋಡಿ, ಆಮೇಲೆ ಅಂಗಡಿಗೆ ಹೋಗಿ.

ಪ್ರಶ್ನೆ: ಬಾಡಿಗೆ ಮನೆ. ಹೀಟರಿನ ಪ್ಲಗ್ ಕರಗಿ ವಾಸನೆ ಬಂತು. ಈಗ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕುತ್ತಿದ್ದೇವೆ. ಭಯವಾಗುತ್ತದೆ. (ವಿದ್ಯಾರ್ಥಿ, ಹಿರಿಯೂರು)

ಉತ್ತರ: ಭಯಪಟ್ಟದ್ದು ಒಳ್ಳೆಯದಾಯಿತು, ಇವತ್ತಿನಿಂದಲೇ ನಿಲ್ಲಿಸಿ. ಟಿ.ವಿ., ಮೊಬೈಲಿಗೆ ಇರುವ ಚಿಕ್ಕ ಪ್ಲಗ್ 6 ಆಂಪಿಯರಿನದು (ಆಂಪಿಯರ್ ಎಂದರೆ ವಿದ್ಯುತ್ ಹರಿವಿನ ಅಳತೆ). ಅದು 1,400 ವ್ಯಾಟ್‌ನಷ್ಟನ್ನೂ ತಾಳದು. 2000 ವ್ಯಾಟ್‌ನ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರಿನ ಪವರ್ ಪ್ಲಗ್ಗೇ ಬೇಕು, ಗೋಡೆಯೊಳಗಿನ ವೈರೂ ಅಷ್ಟು ದಪ್ಪ ಇರಬೇಕು. ಬಾಕ್ಸಿನಿಂದ ತೊಂದರೆ ಹೋಗಲಿಲ್ಲ, ಜಾಗ ಬದಲಾಯಿತು ಅಷ್ಟೆ. ಕರಗಿದ ಪ್ಲಗ್ಗನ್ನು ಮಾಲೀಕರಿಗೆ ತೋರಿಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರಿಂದ ಸರಿಮಾಡಿಸಿ. ಮೀಟರ್ ಬೋರ್ಡಿನಲ್ಲೇ ಕಿಡಿ ಕಂಡರೆ ಮುಟ್ಟದೆ ಬೆಸ್ಕಾಂನ 1912ಕ್ಕೆ ಕರೆ ಮಾಡಿ.

ಪ್ರಶ್ನೆ: ಅಮ್ಮನಿಗೆ ಎಪ್ಪತ್ತೆಂಟು, ಉಬ್ಬಸ ಇದೆ. ಹೀಟರ್ ಆಮ್ಲಜನಕ ಹೀರುತ್ತದೆ ಎಂದು ಕೇಳಿ ಅದನ್ನು ತರಲಿಲ್ಲ. ಕಾಸೂ ಉಳಿಯುತ್ತದೆ ಎಂದು ಬಾಂಡ್ಲಿಯಲ್ಲಿ ಕೆಂಡ ಹಾಕಿ ರಾತ್ರಿ ಅವರ ಕೋಣೆಯಲ್ಲಿಡುತ್ತೇವೆ. ಹೊಗೆ ಇರುವುದಿಲ್ಲ. ಆದರೂ ಬೆಳಿಗ್ಗೆ ತಲೆನೋವು ಎನ್ನುತ್ತಾರೆ. (ಅಡಿಕೆ ಬೆಳೆಗಾರರು, ಹೊಳಲ್ಕೆರೆ ತಾಲ್ಲೂಕು)

ಉತ್ತರ: ಅಮ್ಮನ ಮೇಲಿನ ಕಾಳಜಿಯಿಂದಲೇ ಇದನ್ನು ಮಾಡುತ್ತಿದ್ದೀರಿ. ನಮ್ಮ ಹಿರಿಯರೂ ಕೆಂಡ ಕಾಯಿಸಿಕೊಂಡವರೇ. ಆದರೆ ಅವರು ಕೂತಿದ್ದು ಗಾಳಿಯಾಡುವ ಹೆಂಚಿನ ಮನೆಯಲ್ಲಿ, ಪಡಸಾಲೆಯಲ್ಲಿ. ನಿಮ್ಮದು ಕಿಟಕಿ ಮುಚ್ಚಿದ ಆರ್‌ಸಿಸಿ ಕೋಣೆ.

ನೀವು ಕೇಳಿದ್ದು ತಿರುಗುಮುರುಗಾಗಿದೆ. ಕರೆಂಟಿನ ಹೀಟರಿನಲ್ಲಿ ಏನೂ ಉರಿಯುವುದಿಲ್ಲ, ಅದು ಆಮ್ಲಜನಕ ತಿನ್ನುವುದಿಲ್ಲ. ಗಾಳಿ ಒಣಗಿದಂತೆನಿಸಿ ಗಂಟಲು ಕೆರೆಯಬಹುದು, ಅಷ್ಟೆ. ಆಮ್ಲಜನಕ ತಿನ್ನುವುದು ಕೆಂಡ. ಗಾಳಿ ಸಾಲದೆ ನಿಗಿನಿಗಿ ಸುಡುವ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ (ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲ) ಹೊರಡುತ್ತದೆ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹೊಗೆ ಇಲ್ಲ ಎಂಬುದು ಇಲ್ಲಿ ಧೈರ್ಯದ ಮಾತಲ್ಲ. ತಲೆನೋವು, ವಾಕರಿಕೆ, ಮಂಪರು, ಇವು ಅದರ ಗುರುತುಗಳು. ನಿದ್ದೆಯಲ್ಲಿರುವವರಿಗೆ ಗೊತ್ತೇ ಆಗದೆ ಪ್ರಾಣ ಹೋಗಬಹುದು.

ಅಮ್ಮನನ್ನು ನಾಳೆಯೇ ವೈದ್ಯರ ಹತ್ತಿರ ಕರೆದೊಯ್ದು ಕೆಂಡದ ವಿಷಯ ಬಿಡದೆ ಹೇಳಿ. ಎಂದಾದರೂ ಎಬ್ಬಿಸಿದರೆ ಏಳದಂತಿದ್ದರೆ ಬಾಗಿಲು ಕಿಟಕಿ ತೆರೆದು, ಅವರನ್ನು ಬಯಲಿಗೆ ತಂದು 108ಕ್ಕೆ ಕರೆ ಮಾಡಿ. ರಾತ್ರಿಗೆ ಉಣ್ಣೆಯ ಟೋಪಿ, ಕಾಲುಚೀಲ, ಕಂಬಳಿ ಕೊಡಿ. ಮಲಗುವ ಮುಂಚೆ ಸಾವಿರ ವ್ಯಾಟ್‌ನ ಹೀಟರ್ ಒಂದು ಗಂಟೆ ಹಾಕಿ ಆರಿಸಿ. ತಿಂಗಳಿಗೆ 30 ಯೂನಿಟ್, 180 ರೂಪಾಯಿಯ ಆಚೀಚೆ. ಬಾಂಡ್ಲಿಯನ್ನು ಇವತ್ತು ಸಂಜೆಯೇ ಅಂಗಳಕ್ಕೆ ಇಟ್ಟುಬಿಡಿ.